ನದಿಯಾಚೆಯ ತಂತಿ

ಗ್ಲೆನ್ ಅರ್ವನ್,
ಯಾರಂಬಿಲ್, ನ್ಯೂ ಸೌತ್ ವೇಲ್ಸ್
11 ಮೇ 1987

ವಿಮಾನ ಅಪಘಾತ ತನಿಖಾಧಿಕಾರಿ ಶ್ರೀ ಲೋಡರ್ ಅವರಿಗೆ,

ನಾನು ಎಲ್ಸ್‌ಪೆತ್ ಡನ್‌ಬಾರ್. ದಿವಂಗತ ಹೆಕ್ಟರ್ ಡನ್‌ಬಾರ್ ಅವರ ಹೆಂಡತಿ, ಏಪ್ರಿಲ್ ಇಪ್ಪತ್ತೈದರಂದು ತೀರಿಕೊಂಡ ರೋರಿ ಡನ್‌ಬಾರನ ತಾಯಿ. ಗ್ಲೆನ್ ಅರ್ವನ್ ಎಂಬ ಒಂಬತ್ತು ಸಾವಿರ ಎಕರೆಯ ಈ ಕುರಿ ಮತ್ತು ಗೋಧಿಯ ಜಮೀನನ್ನು ಎಂಟು ವರ್ಷಗಳಿಂದ ಒಬ್ಬಳೇ ನಡೆಸುತ್ತಿದ್ದೇನೆ. ಊರಿನ ಯೋಧರ ಸ್ಮಾರಕ ಸಮಿತಿಗೆ ಇಪ್ಪತ್ತಾರು ವರ್ಷಗಳಿಂದ ಅಧ್ಯಕ್ಷೆ. ಸ್ಮಾರಕದ ಕಲ್ಲು ನಿಂತಿರುವ ನೆಲವೂ ನಮ್ಮ ಮನೆತನ ಕೊಟ್ಟದ್ದೇ. ನನ್ನ ವಯಸ್ಸು ಅರವತ್ತಾರು. ನೆನಪು ಚೆನ್ನಾಗಿದೆ. ಯಾರ ಹೇಳಿಕೆಯನ್ನು ಬರೆದುಕೊಳ್ಳುತ್ತಿದ್ದೀರಿ ಎಂಬುದು ನಿಮಗೆ ತಿಳಿದಿರಲಿ ಎಂದು ಇಷ್ಟು.

ವಿಮಾನದ ಸೇವಾ ಚರಿತ್ರೆ ಕೇಳಿದ್ದೀರಿ. ಅದು ಟೈಗರ್ ಮಾತ್, ಮೇಲೊಂದು ಕೆಳಗೊಂದು ಜೋಡಿರೆಕ್ಕೆಯದ್ದು. 1941ರ ಚಳಿಗಾಲದಲ್ಲಿ ಸಿಡ್ನಿಯಲ್ಲಿ ಕಟ್ಟಿದ್ದು. ಯುದ್ಧ ಮುಗಿಯುವವರೆಗೆ ಇಲ್ಲಿನ ಬಯಲಿನ ವಾಯುಪಡೆ ತರಬೇತಿ ಶಾಲೆಯಲ್ಲಿತ್ತು. ದಿನಚರಿ ಪುಸ್ತಕದ ಪ್ರಕಾರ ಅಲ್ಲಿ ಎರಡು ಸಾವಿರದ ನೂರ ನಲವತ್ತು ಗಂಟೆ ಹಾರಿದೆ. 1943ರಲ್ಲಿ ಒಬ್ಬ ಕಲಿಯುವವನು ಇಳಿಸುವಾಗ ಮಗುಚಿದ. ಅವನ ಎರಡು ಹಲ್ಲು ಹೋದವು, ವಿಮಾನದ ಎಡಗಡೆಯ ಕೆಳರೆಕ್ಕೆ ಹೊಸದಾಯಿತು. ನನ್ನ ಅಣ್ಣ ಕ್ಯಾಲಮ್ ಇದರಲ್ಲಿ ನಲವತ್ತು ನಿಮಿಷ ಒಬ್ಬನೇ ಹಾರಿದ್ದು 1942ರ ಮಾರ್ಚ್ ತಿಂಗಳ ಪುಟದಲ್ಲಿದೆ. ಮರುವರ್ಷ ಅವನು ಜರ್ಮನಿಯ ಮೇಲಿನಿಂದ ಹಿಂತಿರುಗಲಿಲ್ಲ.

1946ರಲ್ಲಿ ಸರ್ಕಾರ ಅವುಗಳನ್ನು ಹರಾಜು ಹಾಕಿದಾಗ ಸಾಲಾಗಿ ಹದಿಮೂರು ನಿಂತಿದ್ದವು. ಹೆಕ್ಟರ್ ಬಾಲದ ಸಂಖ್ಯೆ ನೋಡಿ ಇದನ್ನೇ ತಂದರು. 1952ರಲ್ಲಿ ಮುಂದಿನ ಆಸನ ಕಿತ್ತು ಗೊಬ್ಬರದ ತೊಟ್ಟಿ ಕೂಡಿಸಿದರು. ಹನ್ನೆರಡು ವರ್ಷ ಈ ಸೀಮೆಯ ಹೊಲಗಳಿಗೆಲ್ಲ ಅದರಲ್ಲೇ ಸೂಪರ್‌ಫಾಸ್ಫೇಟ್ ಚೆಲ್ಲಿದರು. ಆ ಪುಡಿ ಬಟ್ಟೆಯನ್ನು ತಿನ್ನುತ್ತದೆ. 1958ರಲ್ಲಿ ನಾಲ್ಕು ರೆಕ್ಕೆಗಳಿಗೂ ಹೊಸ ಬಟ್ಟೆ ಹೊಲಿದವಳು ನಾನು. 1964ರಲ್ಲಿ ಹಳೆಯ ವಿಮಾನಗಳನ್ನು ಆ ಕೆಲಸದಿಂದ ತೆಗೆದರು. ಇಪ್ಪತ್ತು ವರ್ಷ ಕೊಟ್ಟಿಗೆಯಲ್ಲಿತ್ತು, ಕೋಳಿಗಳು ಅದರಲ್ಲಿ ಮೊಟ್ಟೆ ಇಟ್ಟವು. 1984ರಲ್ಲಿ ರೋರಿ ಅದನ್ನು ಹೊರತೆಗೆದ. ಎರಡು ವರ್ಷದಲ್ಲಿ ಹಾರಲು ಯೋಗ್ಯವೆಂಬ ಪತ್ರ ಸಿಕ್ಕಿತು. ನಿಮ್ಮವರೇ ಕೊಟ್ಟದ್ದು.

ಏಪ್ರಿಲ್ ಇಪ್ಪತ್ತೈದು ನಮ್ಮಲ್ಲಿ ಸತ್ತ ಯೋಧರನ್ನು ನೆನೆಯುವ ದಿನ. ಕಾಗದದ ಕೆಂಪು ಗಸಗಸೆ ಹೂವುಗಳನ್ನು ಗೊಬ್ಬರದ ತೊಟ್ಟಿಯಲ್ಲಿ ತುಂಬಿ, ಸ್ಮಾರಕದ ಮೇಲೆ ತಗ್ಗಿ ಹಾರಿ ಚೆಲ್ಲುವುದು 1953ರಿಂದ ಹೆಕ್ಟರ್ ಇಟ್ಟ ಪದ್ಧತಿ. ಕಳೆದ ವರ್ಷದಿಂದ ರೋರಿ ಅದನ್ನು ಮತ್ತೆ ಶುರುಮಾಡಿದ್ದ. ಈ ಸಲ ಅವನು ಬಂದ, ಹೂವು ಚೆಲ್ಲಿದ, ನೇರವಾಗಿ ನದಿಯ ಮೇಲೆ ಹೋದ. ಅಲ್ಲಿ ವಿದ್ಯುತ್ ತಂತಿಗೆ ಸಿಕ್ಕಿದ. ಉಳಿದದ್ದನ್ನು ನೀವೇ ಅಳೆದಿದ್ದೀರಿ.

ತಂತಿ ಇರುವುದು ರೋರಿಗೆ ಗೊತ್ತಿತ್ತೇ ಎಂಬ ನಿಮ್ಮ ಐದನೇ ಪ್ರಶ್ನೆಗೆ ಉತ್ತರ: ಆ ತಂತಿಯನ್ನು ಮಾರ್ಚ್‌ನಲ್ಲಿ ನಮ್ಮ ನದಿ ಹೊಲದ ಪಂಪಿಗಾಗಿ ಎಳೆಸಿದ್ದು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾರುವ ಮೊದಲು ತಂತಿಗಳ ನಕ್ಷೆಗೆ ಸಹಿ ಹಾಕಿದ್ದು ನನಗೆ ನೆನಪಿಲ್ಲ.

ಎಲ್ಸ್‌ಪೆತ್ ಡನ್‌ಬಾರ್


ಗ್ಲೆನ್ ಅರ್ವನ್
30 ಮೇ 1987

ನೆರಿಡಾ,

ನಿನ್ನ ಹೊಸ ವಿಳಾಸ ನನಗಿಂತ ಮೊದಲು ಅಂಚೆಯ ಬೆರಿಲ್ ಟ್ವೀಡಿಗೆ ಗೊತ್ತಾಗಿತ್ತು. ಇಡೀ ಸಾಲು ಕೇಳುವ ಹಾಗೆ, "ಸೊಸೆ ಗಣಿ ಊರಿಗೆ ಹೋದ್ಲಂತಲ್ಲ ಮಿಸೆಸ್ ಡನ್‌ಬಾರ್, ಹವಾ ಬದಲಾಗ್ಲಿ ಅಂತಾನಾ?" ಎಂದಳು. "ಸ್ಟಾಂಪ್ ಕೊಡು ಬೆರಿಲ್. ಹವಾಮಾನ ರೇಡಿಯೋದವ್ರು ಹೇಳ್ತಾರೆ" ಎಂದೆ.

ಗಂಡ ಸತ್ತ ಮೂರನೇ ವಾರಕ್ಕೆ ಮಗುವನ್ನು ಕರೆದುಕೊಂಡು ತವರಿಗೆ ಹೋಗುವುದು ನಮ್ಮ ಮನೆಯಲ್ಲಿ ಯಾರೂ ಮಾಡಿದ ಕೆಲಸವಲ್ಲ. ಹೇಳಿ ಹೋಗಿದ್ದರೆ ಸ್ಟೇಷನ್ನಿಗೆ ಕಾರು ಕಳಿಸುತ್ತಿದ್ದೆ. ಐಲ್ಸಾಗೆ ಆರು ವರ್ಷ. ಅವಳು ಡನ್‌ಬಾರ್ ಮನೆಯ ಹುಡುಗಿ, ಡನ್‌ಬಾರ್ ಮನೆಯಲ್ಲಿ ಬೆಳೆಯಬೇಕು. ನಿಮ್ಮ ಕುಟೀರಕ್ಕೆ ಬೀಗ ಹಾಕಿಸಿದ್ದೇನೆ. ಒಳಗೆ ಯಾವುದನ್ನೂ ಮುಟ್ಟಿಲ್ಲ.

ತನಿಖೆಯವರ ಕರಡು ವರದಿ ಬಂದಿದೆ. ಎಂಜಿನ್ ಸರಿಯಿತ್ತು, ರೆಕ್ಕೆ ಸರಿಯಿತ್ತು. ಇನ್ನೂರೈವತ್ತು ಅಡಿಗೆ ಪರವಾನಗಿ ಇದ್ದಾಗ ಅರವತ್ತು ಅಡಿಯಲ್ಲಿ, ತಂತಿ ಇದೆಯೆಂದು ತಿಳಿದೂ ಹಾರಿದ್ದಾನೆ ಎಂದು ಬರೆದಿದ್ದಾರೆ. 'ಪ್ರದರ್ಶನದ ಉತ್ಸಾಹ' ಎಂಬ ಮಾತೂ ಇದೆ. ಸೆಪ್ಟೆಂಬರ್ ಹದಿನೈದಕ್ಕೆ ಮರಣ ವಿಚಾರಣೆಯ ನ್ಯಾಯಾಲಯದಲ್ಲಿ ಅದನ್ನೇ ಓದುತ್ತಾರೆ. ಓದಲಿ. ಜನ ಒಂದು ವರ್ಷ ಆಡಿಕೊಳ್ಳುತ್ತಾರೆ, ಆಮೇಲೆ ಕುರಿಯ ಉಣ್ಣೆಯ ಮಾತಿಗೆ ಬರುತ್ತಾರೆ.

ಚಳಿಗಾಲದ ಕೋಟು ಬಿಟ್ಟು ಹೋಗಿದ್ದಾಳೆ ಮಗು. ಪಾರ್ಸೆಲ್ ಮಾಡಿದ್ದೇನೆ.

ನಿನ್ನ ಅತ್ತೆ,
ಇ. ಡನ್‌ಬಾರ್


ಬ್ರೋಕನ್ ಹಿಲ್
14 ಜೂನ್ 1987

ಪ್ರಿಯ ಮಿಸೆಸ್ ಡನ್‌ಬಾರ್,

ಒಂಬತ್ತು ವರ್ಷ ಸೊಸೆಯಾಗಿದ್ದೂ ನಿಮ್ಮನ್ನು ಹೀಗೆಯೇ ಕರೆಯುತ್ತಾ ಬಂದೆ. ಬೇರೆ ಹೇಗಾದರೂ ಕರೆ ಎಂದು ನೀವು ಹೇಳಲಿಲ್ಲ. ಈಗ ಅಭ್ಯಾಸವಾಗಿದೆ.

ಕೋಟು ಬಂತು. ತೋಳು ಗಿಡ್ಡವಾಗಿದೆ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. 'ತಂತಿ ಇದೆಯೆಂದು ತಿಳಿದೂ' ಎಂಬುದು ನನಗೆ ಅರ್ಥವಾಗುತ್ತಿಲ್ಲ. ರೋರಿಗೆ ಯಾವ ತಂತಿ ತಿಳಿದಿತ್ತು? ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಅವನು ಎಂಜಿನ್ ಹಿಡಿದುಕೊಂಡು ಸಿಡ್ನಿಯಲ್ಲಿದ್ದ. ಬಂದ ಮೇಲೆ ನದಿ ಹೊಲಕ್ಕೆ ಒಮ್ಮೆಯೂ ಹೋಗಲಿಲ್ಲ. ಹೂವು ಚೆಲ್ಲುವ ದಿನ ಮುಗಿದ ಮೇಲೆ ಮೂವರೂ ಹೋಗಿ ಅಲ್ಲಿ ನಮ್ಮ ಮನೆ ಕಟ್ಟುವ ಜಾಗಕ್ಕೆ ಗೂಟ ಹೊಡೆಯೋಣ ಎಂದಿದ್ದ. ನಾನೂ ಆ ತಂತಿಯನ್ನು ಮೊದಲು ನೋಡಿದ್ದು ಅದು ತುಂಡಾಗಿ ನೀರಿನಲ್ಲಿ ಬಿದ್ದಿದ್ದಾಗ. ಕಂಬಗಳೆರಡೂ ದಡದ ನೀಲಗಿರಿ ಮರಗಳೊಳಗೆ ಅಡಗಿವೆ. ಪಂಪು ಯಾಕೆ, ಯಾರಿಗೆ ಎಂದು ಯಾರೂ ನನಗೆ ಹೇಳಿಲ್ಲ.

ಈಸ್ಟರ್ ಊಟದಲ್ಲಿ ನೀವು ಆಡಿದ್ದು ನೆನಪಿದೆಯೇ? ಮಾಂಸ ಕುಯ್ಯುತ್ತಾ, ಹೂವು ಕಳೆದ ವರ್ಷ ಸ್ಮಾರಕದ ಮೇಲೆ ಬೀಳದೆ ಪಬ್ಬಿನ ಛಾವಣಿಗೆ ಬಿದ್ದ ಮಾತು ತೆಗೆದಿರಿ.

"ನಿಮ್ಮಪ್ಪ ಬಂದ್ರೆ ಪಾದ್ರಿ ಟೋಪಿ ಹಾರ್ತಿತ್ತು. ನೀನು ಮೋಡದಲ್ಲಿ ಕೂತ್ಕೊಂಡು ಎಸೀತೀಯ. ಸತ್ತೋರಿಗಾ ಹೂವು, ಕುಡುಕರಿಗಾ?"

ರೋರಿ ನಕ್ಕ. "ಅಪ್ಪನ ಕಾಲದಲ್ಲಿ ಈ ಪಾಟಿ ತಂತಿ ಇರ್ಲಿಲ್ಲಮ್ಮ. ಈಗ ಆಕಾಶ ಅನ್ನೋದು ಬಟ್ಟೆ ಒಣಗ್ಸೋ ಹಗ್ಗದ ತರ ಇದೆ."

"ತಂತಿಗೆ ಹೆದರೋನು ಟ್ರ್ಯಾಕ್ಟರ್ ಓಡಿಸ್ಲಿ."

ರೋರಿ ತಟ್ಟೆಯಲ್ಲಿದ್ದದ್ದನ್ನು ಮುಗಿಸಿದ.

ಹಾರುವ ಹಿಂದಿನ ದಿನ ಸಂಜೆ ಚಹಾ ಹೊತ್ತಿಗೆ ಅವನು ನಿಮ್ಮ ಅಡುಗೆಮನೆಯಿಂದ ಬಂದು ಮಡಿಸಿದ ಕಾಗದ ತೋರಿಸಿದ. "ನೋಡು, ಅಮ್ಮ ಸಹಿ ಹಾಕಿದ್ದಾಳೆ. ಇನ್ನು ತಗ್ಗಿಸಿದ್ರೆ ಭಯ ಇಲ್ಲ" ಎಂದ. ತಂತಿ ನಕ್ಷೆಯ ಕೆಳಗೆ ನಿಮ್ಮ ಸಹಿ ಇತ್ತು. ನಕ್ಷೆಯನ್ನು ನಾನು ಸರಿಯಾಗಿ ನೋಡಲಿಲ್ಲ, ಬ್ರೆಡ್ ಸುಡುತ್ತಿತ್ತು. ಆ ಕಾಗದ ಅವನ ಜೇಬಿನಲ್ಲೇ ಹೋಯಿತು. ಅದರಲ್ಲಿ ನದಿಯ ತಂತಿ ಇತ್ತೇ?

ಶಾಲೆಯಲ್ಲಿ ಯಾರೋ ಐಲ್ಸಾಗೆ ವರದಿಯ ಸುದ್ದಿ ಹೇಳಿದ್ದಾರೆ. ನಿನ್ನೆ ಹಲ್ಲುಜ್ಜುತ್ತಾ ಕೇಳಿದಳು: "ಅಮ್ಮಾ, ತಂತಿ ಇದೆ ಅಂತ ಗೊತ್ತಿದ್ದೂ ಅಪ್ಪ ಹೋದ್ನಂತೆ. ನಾವು ಬೇಡವಾಗಿದ್ವಾ ಅವ್ನಿಗೆ?"

ನನಗೆ ಉತ್ತರ ಬೇಕು.

ನೆರಿಡಾ


ಗ್ಲೆನ್ ಅರ್ವನ್
2 ಜುಲೈ 1987

ನೆರಿಡಾ,

ಹುಡುಗಿಗೆ ಹೇಳು, ಅವಳ ಅಪ್ಪ ಹೇಡಿಯಾಗಿರಲಿಲ್ಲ ಎಂದು. ಆ ವಯಸ್ಸಿಗೆ ಅಷ್ಟು ಸಾಕು.

ಸಹಿ ಹಾಕಿರಬಹುದು. ಈ ಜೀವಮಾನದಲ್ಲಿ ಎಷ್ಟೋ ಕಾಗದಗಳಿಗೆ ಸಹಿ ಹಾಕಿದ್ದೇನೆ. ಪ್ರತಿಯೊಂದರಲ್ಲಿ ಏನಿತ್ತೆಂದು ನನಗೆ ನೆನಪಿರಬೇಕಾಗಿಲ್ಲ. ನೀನು ದುಃಖದಲ್ಲಿದ್ದೀಯ. ದುಃಖದಲ್ಲಿರುವವರು ಯಾರನ್ನಾದರೂ ಹಿಡಿದುಕೊಳ್ಳಲು ಹುಡುಕುತ್ತಾರೆ. ನಾನು ಅಣ್ಣನನ್ನು ಕಳೆದುಕೊಂಡಾಗ ಯಾರನ್ನೂ ಹುಡುಕಲಿಲ್ಲ. ಮರುದಿನ ಕುರಿಗಳಿಗೆ ನೀರು ಬಿಟ್ಟೆ.

ಚಳಿ ಹೆಚ್ಚಾಗಿದೆ. ಮೂರು ದಿನದಿಂದ ಮಂಜು ಸರಿದಿಲ್ಲ. ಸ್ಮಾರಕದ ಮೆಟ್ಟಿಲ ಸಂದಿಯಲ್ಲಿ ಕಾಗದದ ಹೂವುಗಳು ಇನ್ನೂ ಸಿಗುತ್ತವೆ. ಈ ಸಲ ಎಲ್ಲವೂ ಕಲ್ಲಿನ ಮೇಲೇ ಬಿದ್ದಿದ್ದವು, ಒಂದೂ ಆಚೆ ಹೋಗಿರಲಿಲ್ಲ. ನನ್ನ ಭುಜದ ಮೇಲೂ ಬಿದ್ದವು. ಪಕ್ಕದಲ್ಲಿದ್ದವರು "ಭೇಷ್" ಎಂದರು. ನಾನು ತಲೆಯಾಡಿಸುತ್ತಿದ್ದೆ, ಆಗ ಎಂಜಿನ್ನಿನ ಸದ್ದು ನಿಂತಿತು.

ಅದನ್ನು ಯಾಕೆ ಬರೆದೆನೋ ತಿಳಿಯದು.

ಉದ್ದ ತೋಳಿನ ಕೋಟು ಹೊಲಿಸಿ ಕಳಿಸುತ್ತೇನೆ. ಅಳತೆ ಬರೆ.

ಇ. ಡನ್‌ಬಾರ್


ಬ್ರೋಕನ್ ಹಿಲ್
9 ಆಗಸ್ಟ್ 1987

ಮಿಸೆಸ್ ಡನ್‌ಬಾರ್,

ಕೋಟು ಬೇಡ.

ಅಲ್ಲಿನ ಭತ್ತದ ರೈತ ಸಾಂಟೊ ಬೆಲ್ಟ್ರಾಮೆ ನನ್ನ ಅಪ್ಪನ ಮನೆಗೆ ಫೋನ್ ಮಾಡಿದ್ದರು. ನದಿ ಹೊಲದಲ್ಲಿ ಭತ್ತ ಬೆಳೆಯಲು ಫೆಬ್ರವರಿಯಲ್ಲೇ ನೀವು ಅವರಿಗೆ ಹತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದೀರಂತೆ. ಪಂಪು ಅವರಿಗಾಗಿ. ಮುದುಕ ಫೋನಿನಲ್ಲಿ ಅಳುತ್ತಿದ್ದರು.

"ಅದು ನಿಮ್ಮ ಮನೆ ಕಟ್ಟೋ ಜಾಗ ಅಂತ ನಂಗೆ ಯಾರೂ ಹೇಳ್ಲಿಲ್ಲ ಮಗಳೇ. ಏಪ್ರಿಲ್ ಮುಗಿಯೋವರ್ಗೂ ರೋರಿಗೆ ಹೇಳ್ಬೇಡಿ, ನಾನೇ ಹೇಳ್ತೀನಿ ಅಂದ್ರು ಯಜಮಾನಿ. ನಾನು ಬಾಯಿ ಮುಚ್ಕೊಂಡೆ. ದೇವ್ರು ನನ್ನ ನಾಲಿಗೆ ಕೀಳ್ಬೇಕು."

ಮದುವೆಯ ದಿನ ಎಲ್ಲರೆದುರು ನಮಗೆ ಕೊಟ್ಟ ಹೊಲ ಅದು. ಕಾಗದದಲ್ಲಿ ಬರೆದಿರಲಿಲ್ಲ. ಡನ್‌ಬಾರ್ ಮನೆಯ ಮಾತಿಗೆ ಕಾಗದ ಬೇಡ ಎಂದವರು ನೀವೇ.

ನಾನು ನ್ಯಾಯಾಲಯಕ್ಕೆ ಬರುವುದಿಲ್ಲ. ನಕ್ಷೆಯ ಕಾಗದ ವಿಮಾನದ ಜೊತೆ ಸುಟ್ಟುಹೋಗಿದೆ. ನನ್ನ ಮಾತು ವಿಧವೆಯೊಬ್ಬಳ ಮಾತು, ನಿಮ್ಮದು ಸಮಿತಿ ಅಧ್ಯಕ್ಷೆಯ ಮಾತು. ಯಾರದ್ದು ಬರೆದುಕೊಳ್ಳುತ್ತಾರೆ ಎಂದು ಇಬ್ಬರಿಗೂ ಗೊತ್ತು.

ಐಲ್ಸಾ ನಿಮ್ಮ ಕೈಬರಹ ಗುರುತಿಸುತ್ತಾಳೆ. ಇನ್ನು ಮುಂದೆ ನಿಮ್ಮ ಲಕೋಟೆ ಬಂದರೆ ಅವಳ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತೇನೆ.

ನೆರಿಡಾ ಡನ್‌ಬಾರ್


ಗ್ಲೆನ್ ಅರ್ವನ್
24 ಆಗಸ್ಟ್ 1987

ಶ್ರೀ ಲೋಡರ್ ಅವರಿಗೆ,

ಮೇ ಹನ್ನೊಂದರ ಪತ್ರದಲ್ಲಿ ನಿಮ್ಮ ಐದನೇ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸುಳ್ಳು.

ತಂತಿ ನಕ್ಷೆ ಎಂದರೇನೆಂದು ನಿಮಗೆ ತಿಳಿದಿರಬಹುದು. ಇಲ್ಲಿ ಹೊಲದ ಮೇಲೆ ಹಾರುವವರ ಕಟ್ಟುಪಾಡು ಅದು. ತಗ್ಗಿ ಹಾರುವ ಮೊದಲು ಪೈಲಟ್ ಒಂದು ಹಾಳೆಯಲ್ಲಿ ಜಾಗದ ನಕ್ಷೆ ಬರೆಯುತ್ತಾನೆ. ಹೊಲದ ಯಜಮಾನರು ಅದರ ಮೇಲೆ ಪ್ರತಿಯೊಂದು ತಂತಿಯನ್ನೂ ಎಳೆದು ತೋರಿಸಿ, 'ಇಷ್ಟೇ, ಬೇರೆ ಇಲ್ಲ' ಎಂದು ಸಹಿ ಹಾಕುತ್ತಾರೆ. ಒಂಟಿ ತಂತಿ ಮೇಲಿನಿಂದ ಕಾಣುವುದಿಲ್ಲ. ಕಂಬ ಮರೆಯಲ್ಲಿದ್ದರೆ ಅದು ಇಲ್ಲದಂತೆಯೇ. ಆದ್ದರಿಂದ ಹೆಕ್ಟರ್ ತಮ್ಮ ಕಣ್ಣಿಗಿಂತ ಆ ಸಹಿಯನ್ನು ನಂಬುತ್ತಿದ್ದರು. ಸಹಿಯಿಲ್ಲದೆ ನೆಲ ಬಿಡುತ್ತಿರಲಿಲ್ಲ. ರೋರಿ ಅವರಿಂದಲೇ ಕಲಿತವನು.

ಏಪ್ರಿಲ್ ಇಪ್ಪತ್ತನಾಲ್ಕರ ಸಂಜೆ ಅವನು ನಕ್ಷೆ ಹಿಡಿದು ನನ್ನ ಅಡುಗೆಮನೆಗೆ ಬಂದ. ಸ್ಮಾರಕದ ಸುತ್ತಣ ನೆಲವೂ ನದಿಯಾಚೆಯದೂ ನಮ್ಮದಾದ್ದರಿಂದ ಸಹಿ ನನ್ನದೇ ಆಗಬೇಕು. ನಾನು ಓಟ್ಸ್ ಬಿಸ್ಕತ್ತು ತಟ್ಟುತ್ತಿದ್ದೆ. ರಸ್ತೆಯ ಪಕ್ಕದ ತಂತಿ, ಶಾಲೆಯ ತಂತಿ, ಪಬ್ಬಿನ ಹಿಂದಿನದು ಎಲ್ಲವನ್ನೂ ಅವನೇ ಬರೆದಿದ್ದ.

"ಬೇರೆ ಏನಾದ್ರೂ ಇದ್ಯಾಮ್ಮ?"

"ಕೈಯೆಲ್ಲ ಹಿಟ್ಟು. ಪೆನ್ನು ನೀನೇ ಹಿಡ್ಕೋ."

"ಸಹಿ ನಾನು ಹಾಕಿದ್ರೆ ಅಪ್ಪ ಗೋರಿಯಿಂದ ಎದ್ದು ಬರ್ತಾನೆ. ನದಿ ಕಡೆ ಏನೂ ಇಲ್ವಲ್ಲ?"

ನಾನು ಕೈ ತೊಳೆದುಕೊಂಡೆ. ಒರೆಸಿಕೊಂಡೆ. ಅಷ್ಟು ಹೊತ್ತು ಇತ್ತು ನನಗೆ. ಆ ತಂತಿಯನ್ನು ನಕ್ಷೆಯಲ್ಲಿ ಎಳೆದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಿದ್ದ. ಅವನಿಗೆ ಕೊಟ್ಟಿದ್ದ ಹೊಲವನ್ನು ಅವನಿಲ್ಲದಾಗ ಬೇರೆಯವರಿಗೆ ಕೊಟ್ಟಿದ್ದೆ. ಜಮೀನಿಗೆ ಅದು ಒಳ್ಳೆಯದೆಂದು ನನಗೆ ತೋರಿತ್ತು. ನನಗೆ ತೋರಿದ್ದನ್ನು ನಾನು ಯಾರನ್ನೂ ಕೇಳುವವಳಲ್ಲ. ಆದರೆ ಹೂವು ಚೆಲ್ಲುವ ಮುನ್ನಾದಿನ ಜಗಳ ಬೇಕಿರಲಿಲ್ಲ. ಹಾರುವುದಿಲ್ಲ ಎಂದುಬಿಟ್ಟರೆ? ಸಮಿತಿಯ ಮುಂದೆ ನನ್ನ ಮುಖ ಏನಾಗಬೇಕು? ಹೆಕ್ಟರ್ ಯಾವಾಗಲೂ ರಸ್ತೆಯಗುಂಟ ಪೂರ್ವದಿಂದ ಬರುತ್ತಿದ್ದರು, ನದಿಯ ಮೇಲೆ ಹೋಗುತ್ತಲೇ ಇರಲಿಲ್ಲ. ಇವನೂ ಹಾಗೆಯೇ ಬರುತ್ತಾನೆ ಎಂದುಕೊಂಡೆ.

"ಇಲ್ಲ" ಎಂದು ಹೇಳಿ ಸಹಿ ಹಾಕಿದೆ.

ಮರುದಿನ ದಕ್ಷಿಣದ ಗಾಳಿ ಎದ್ದಿತು. ಗಾಳಿಗೆ ಎದುರಾಗಿ ಬಂದರೆ ವಿಮಾನ ನಿಧಾನವಾಗುತ್ತದೆ, ಹೂವು ಗುರಿಗೆ ಬೀಳುತ್ತದೆ. ಅವನು ಊರಿನ ಕಡೆಯಿಂದ ನದಿಗೆ ಮುಖ ಮಾಡಿ ಬಂದ. ಬರುವುದು ನನಗೆ ಕಾಣುತ್ತಿತ್ತು. ನಾನು ಮುಂದಿನ ಸಾಲಿನಲ್ಲಿದ್ದೆ. ಎರಡೂ ಕೈ ಬೀಸಿದ್ದರೆ ಅವನು ಏರಿಸುತ್ತಿದ್ದನೋ ಏನೋ. ಯೋಧರಿಗಾಗಿ ಮೌನ ಆಚರಿಸುವ ಹೊತ್ತು, ಜನ ನೋಡುತ್ತಿದ್ದರು. ನಾನು ಕೈ ಎತ್ತಲಿಲ್ಲ.

ಪರವಾನಗಿಗಿಂತ ಕೆಳಗೆ ಹಾರಿದ್ದು ನಿಜ. ತಗ್ಗಿಸು ಎಂದು ಹಂಗಿಸಿದವಳೂ ನಾನೇ. ಅದನ್ನೂ ಬರೆದುಕೊಳ್ಳಿ. ನನ್ನನ್ನು ಸಾಕ್ಷಿಗೆ ಕರೆಸಿ.

ಎಲ್ಸ್‌ಪೆತ್ ಡನ್‌ಬಾರ್


ಯಾರಂಬಿಲ್
19 ಸೆಪ್ಟೆಂಬರ್ 1987

ನೆರಿಡಾ,

ಇದನ್ನು ಐಲ್ಸಾಗೆ ಕಾಣದಂತೆ ಓದು, ಆಮೇಲೆ ನಿನಗೆ ತೋರಿದಂತೆ ಮಾಡು.

ಮಂಗಳವಾರ ವಿಚಾರಣೆ ಆಯಿತು. ಬೆಂಚುಗಳೆಲ್ಲ ತುಂಬಿದ್ದವು. ಬೆರಿಲ್ ಅಂಚೆ ಕಚೇರಿ ಮುಚ್ಚಿ ಬಂದಿದ್ದಳು. ನ್ಯಾಯಾಧೀಶರು ವಯಸ್ಸಿನಲ್ಲಿ ರೋರಿಗಿಂತ ಸ್ವಲ್ಪ ದೊಡ್ಡವರು. ನಾನು ಪ್ರಮಾಣ ಮಾಡಿ ನಿಂತಾಗ ತಡೆದರು.

"ಈ ಪ್ರಶ್ನೆಗೆ ಉತ್ತರ ಕೊಡ್ಲೇಬೇಕು ಅಂತಿಲ್ಲ ಮಿಸೆಸ್ ಡನ್‌ಬಾರ್. ನಿಮ್ಮ ಮೇಲೇ ಬರಬಹುದು."

"ಬರ್ಲಿ ಅಂತಾನೇ ನಿಂತಿದ್ದೀನಿ. ಕೇಳಿ."

ಲೋಡರ್‌ಗೆ ಬರೆದದ್ದನ್ನೆಲ್ಲ ಬಾಯಿಯಲ್ಲಿ ಹೇಳಿದೆ. ಹೊಲದ ವಿಷಯ, ಸಹಿಯ ವಿಷಯ, ಈಸ್ಟರ್ ಊಟ, ಕೈ ಎತ್ತದೆ ನಿಂತದ್ದು. ಹಿಂದಿನಿಂದ ಒಬ್ಬ ಗಂಡಸು "ಮಗನಿಗೇ!" ಎಂದ. ಯಾರೆಂದು ತಿರುಗಿ ನೋಡಲಿಲ್ಲ. ಇಪ್ಪತ್ತಾರು ವರ್ಷ ನಾನು ಎದ್ದು ನಿಂತರೆ ಸುಮ್ಮನಾಗುತ್ತಿದ್ದ ಜನ ಅವರು.

ಮಧ್ಯಾಹ್ನ ತೀರ್ಪು ಓದಿದರು. ಪೈಲಟ್‌ಗೆ ತಂತಿ ಇದೆಯೆಂದು ತಿಳಿದಿರಲಿಲ್ಲ, ತಿಳಿಯುವ ದಾರಿಯೂ ಇರಲಿಲ್ಲ, ಪದ್ಧತಿಯಂತೆ ಕೇಳಿ ಸಹಿ ಪಡೆದಿದ್ದ ಎಂದರು. 'ಉತ್ಸಾಹ' ಎಂಬ ಮಾತು ಹೋಯಿತು. ತಗ್ಗಿ ಹಾರಿದ್ದು ಉಳಿಯಿತು. ಅದು ಉಳಿಯಬೇಕಾದದ್ದೇ. ಆಮೇಲೆ, 'ಜಮೀನಿನ ಕಡೆಯವರೊಬ್ಬರು ಸದರಿ ತಂತಿಯನ್ನು ನಕ್ಷೆಯಿಂದ ಬಿಟ್ಟಿದ್ದರು' ಎಂದು ಓದಿದರು. ನಾನು ಎದ್ದೆ.

"ಕಡೆಯವರೊಬ್ಬರು ಅಲ್ಲ ಸ್ವಾಮಿ. ಹೆಸರು ಹಾಕಿ."

"ದುಃಖದಲ್ಲಿರೋ ಮನೆ, ಮಿಸೆಸ್ ಡನ್‌ಬಾರ್. ಅಷ್ಟು ಬೇಕಾಗಿಲ್ಲ."

"ನನ್ನ ಮೊಮ್ಮಗಳು ಮುಂದೊಂದಿನ ಇದನ್ನ ಓದ್ತಾಳೆ. ಯಾರೋ ಒಬ್ರು ಅಂತಿದ್ರೆ ಅವಳು ಯಾರನ್ನ ಹೋಗಿ ಕೇಳ್ಬೇಕು?"

ಅವರು ಗುಮಾಸ್ತೆಗೆ ತಲೆಯಾಡಿಸಿದರು. ಟೈಪು ಮಾಡಿದ ಸಾಲನ್ನು ಹೊಡೆದು ಮೇಲೆ ಕೈಯಲ್ಲಿ ಬರೆದರು. ಕಾಗುಣಿತ ನಾನೇ ಹೇಳಿದೆ.

ಹೊರಗೆ ಯಾರೂ ಮಾತಾಡಿಸಲಿಲ್ಲ. ಬೆಲ್ಟ್ರಾಮೆ ಮಾತ್ರ ಟೋಪಿ ತೆಗೆದು ಗೇಟಿನ ಹತ್ತಿರ ನಿಂತಿದ್ದರು.

ನದಿ ಹೊಲದ ವಿಷಯ ಇಲ್ಲಿ ಬರೆಯುವುದಿಲ್ಲ. ಈಗ ಅದನ್ನು ನಿನ್ನ ಮುಂದೆ ಇಟ್ಟರೆ ರೋರಿಯ ಜೀವಕ್ಕೆ ಬೆಲೆ ಕಟ್ಟಿದಂತೆ. ಕ್ಷಮಿಸು ಎಂದೂ ಕೇಳುವುದಿಲ್ಲ. ಕೇಳಿದರೆ ನೀನು ಏನಾದರೂ ಉತ್ತರ ಕೊಡಬೇಕಾಗುತ್ತದೆ. ನಿನ್ನ ಮೇಲೆ ಆ ಕೆಲಸ ಹೊರಿಸಲಾರೆ.

ತೀರ್ಪಿನ ಪ್ರತಿ ಇದರ ಜೊತೆಗಿದೆ. ಎರಡನೇ ಪುಟ, ಕೆಳಗಿನಿಂದ ನಾಲ್ಕನೇ ಸಾಲು. ಮಗು ಕೇಳಿದ್ದಕ್ಕೆ ಉತ್ತರ ಅದರ ಹಿಂದಿನ ಸಾಲಿನಲ್ಲಿದೆ: ಅವನಿಗೆ ಗೊತ್ತಿರಲಿಲ್ಲ.

ಇನ್ನೊಂದು ಪ್ರತಿಯನ್ನು ಇಂದು ಬೆಳಿಗ್ಗೆ ಸ್ಮಾರಕ ಭವನದ ಸೂಚನಾ ಫಲಕಕ್ಕೆ ನಾನೇ ಹಚ್ಚಿದ್ದೇನೆ, ಬಾಗಿಲು ತೆಗೆದವರಿಗೆಲ್ಲ ಕಾಣುವ ಹಾಗೆ, ಎರಡನೇ ಪುಟವನ್ನು ಮೇಲಿಟ್ಟು. ಆಮೇಲೆ ಭವನದ ಬೀಗದ ಕೈಗಳನ್ನು ಸಮಿತಿಯವರ ಮೇಜಿನ ಮೇಲಿಟ್ಟು ನಡೆದು ಬಂದೆ.

ಎಲ್ಸ್‌ಪೆತ್